ಚೇಳು ತಿನ್ನುವ ಹಾವು

ಅತ್ತಿಗೆ,

ಈ ಕಾಗದವನ್ನು ದಯವಿಟ್ಟು ಟ್ಯಾಂಕರಿನ ಸೀಟಿನಲ್ಲಿ ಕೂತು ಒಡೆಯಬೇಡಿ. ನಿಮ್ಮ ಅಭ್ಯಾಸ ನನಗೆ ಗೊತ್ತು. ಟ್ಯಾಂಕಿಗೆ ನೀರು ತುಂಬುವಷ್ಟು ಹೊತ್ತಿನಲ್ಲಿ ನೋಟೀಸು, ಮಗಳ ಶಾಲೆಯ ಚೀಟಿ, ಎಲ್ಲವನ್ನೂ ಸ್ಟೇರಿಂಗಿನ ಮೇಲಿಟ್ಟುಕೊಂಡು ಓದಿ ಮುಗಿಸುವವರು ನೀವು. ಇದನ್ನು ಮಾತ್ರ ಮನೆಗೆ ಒಯ್ಯಿರಿ. ಮಗಳು ಶಾಲೆಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಓದಿ. ಓದಿದ ಮೇಲೆ ಅವತ್ತು ಗಾಡಿ ಮುಟ್ಟಬೇಡಿ.

ಅಣ್ಣ ಹೋಗಿ ಒಂದು ವರ್ಷ ನಾಲ್ಕು ತಿಂಗಳಾಯಿತು. ಆಸ್ಪತ್ರೆಯ ವರಾಂಡದಲ್ಲಿ ನೀವು ನನ್ನ ಎರಡೂ ತೋಳು ಹಿಡಿದು ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. "ಇಪ್ಪತ್ತು ಬಾಟ್ಲಿ ಹಾವಿನ ಔಷಧಿ ಮೈಗೆ ಹೋಗಿದೆ. ಅಷ್ಟು ಹೋದ ಮನುಷ್ಯ ಹೇಗೆ ಸಾಯ್ತಾನೆ? ನೀನು ಅದೇ ಕೆಲಸದಲ್ಲಿ ಇರೋಳು, ನೀನು ಹೇಳು." ನಾನು "ಗೊತ್ತಿಲ್ಲ ಅತ್ತಿಗೆ" ಅಂದೆ. ಅದು ಸುಳ್ಳು. ಆಗಲೇ ನನಗೆ ಅರ್ಧ ಗೊತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ಪೂರ್ತಿ ಗೊತ್ತಾಯಿತು. ಆಮೇಲೆ ಬಾಯಿ ಬಿಗಿದುಕೊಂಡು ಕೂತೆ. ನಿಮ್ಮ ಸಿಟ್ಟೆಲ್ಲ ಆ ನರ್ಸಮ್ಮನ ಮೇಲೆ ತಿರುಗುವುದನ್ನು ನೋಡುತ್ತಾ ಕೂತೆ. ಆಕೆ ಹಳೇ ಔಷಧಿ ಚುಚ್ಚಿದಳು, ತಂಪಿನಲ್ಲಿ ಇಡಲಿಲ್ಲ, ತಡ ಮಾಡಿದಳು ಎಂದು ನೀವು ದೂರು ಬರೆಸಿದಾಗ, ಅದರ ಒಕ್ಕಣೆಯಲ್ಲಿದ್ದ ಕಾಗುಣಿತದ ತಪ್ಪುಗಳನ್ನು ತಿದ್ದಿಕೊಟ್ಟವಳೂ ನಾನೇ.

ನರ್ಸಮ್ಮನದು ಏನೂ ತಪ್ಪಿಲ್ಲ ಅತ್ತಿಗೆ. ಮೊದಲು ಇದೊಂದು ಮಾತನ್ನು ನಂಬಿ. ಉಳಿದದ್ದನ್ನು ಹೇಳುತ್ತೇನೆ.

ಅಣ್ಣನಿಗೆ ಹಾವಿನ ಗೀಳು ಹತ್ತಿದ್ದು ಮದುವೆಗೆ ಎರಡು ವರ್ಷ ಮೊದಲು. ಶಾಲೆ ಬಿಟ್ಟು ಕಲ್ಲಿನ ಕ್ವಾರಿಯಲ್ಲಿ ಡ್ರಿಲ್ ಹಿಡಿದಿದ್ದ. ನನ್ನ ಓದಿಗಾಗಿ ಶಾಲೆ ಬಿಟ್ಟ ಎಂದು ನೆಂಟರೆಲ್ಲ ಹೊಗಳುತ್ತಾರೆ. ನಿಜ ಹೇಳಬೇಕೆಂದರೆ ಲೆಕ್ಕದ ಮೇಷ್ಟ್ರಿಗೆ ಹೆದರಿ ಬಿಟ್ಟ. ಕ್ವಾರಿಯ ಸಂದುಗೊಂದಿನಲ್ಲೆಲ್ಲ ಆ ಗರಗಸ ಮಂಡಲದ ಹಾವುಗಳು. ಒಂದೂವರೆ ಗೇಣು ಉದ್ದ, ಕಿರುಬೆರಳಿಗಿಂತ ಸ್ವಲ್ಪ ದಪ್ಪ. ಕಂಡ ಕಂಡಲ್ಲಿ ಹಾರೆಯಿಂದ ಜಜ್ಜಿ ಹಾಕುತ್ತಿದ್ದರು. ಒಂದು ದಿನ ಜಜ್ಜಿದ ಹಾವಿನ ಹೊಟ್ಟೆಯಿಂದ ಹೊರಗೆ ಬಂದದ್ದನ್ನು ಅಣ್ಣ ಕಡ್ಡಿಯಲ್ಲಿ ಕೆದಕಿ ನೋಡಿದನಂತೆ. ಇಲಿ ಇರಲಿಲ್ಲ, ಕಪ್ಪೆ ಇರಲಿಲ್ಲ. ಚೇಳಿನ ಕೊಂಡಿ ಇತ್ತು. ಎರಡು ಕೊಂಡಿ. "ಚೇಳನ್ನೇ ನುಂಗಿ ಅರಗಿಸ್ಕೊಳ್ಳೋ ಪ್ರಾಣಿ ಕಣೇ ಕುಳ್ಳಿ, ಅದಕ್ಕೆ ಸಲಾಂ ಹೊಡೀಬೇಕು," ಎಂದು ಊಟಕ್ಕೆ ಕೂತಾಗ ಹೇಳಿದ್ದ. ಆಮೇಲೆ ಡ್ರಿಲ್ಲಿನ ಹಳೇ ಸರಳನ್ನು ಬಗ್ಗಿಸಿ ಕೊಕ್ಕೆ ಮಾಡಿಕೊಂಡ. ಹಾವು ಕಂಡರೆ ಕೊಕ್ಕೆಯಲ್ಲಿ ಎತ್ತಿ ಬಕೆಟ್ಟಿಗೆ ಹಾಕಿ, ಕೆಲಸ ನಿಂತುಹೋದ ಹಳೇ ಗುಂಡಿಯ ಕಡೆ ಬಿಟ್ಟು ಬರುತ್ತಿದ್ದ.

ಅವನು ನನ್ನ ಹಾಗೆ ಪುಸ್ತಕ ಓದಿ ಕಲಿತವನಲ್ಲ. ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಬೀಡಿ ಆರಿಹೋದರೂ ಗಮನವಿಲ್ಲದೆ, ನೋಡಿ ನೋಡಿ ಕಲಿತವನು. ಆ ಹಾವಿನ ಬಣ್ಣ ಕ್ವಾರಿಯ ಧೂಳಿನ ಬಣ್ಣವೇ. ಮೈಮೇಲಿನ ಬಿಳಿ ಗೆರೆಗಳು ಒಡೆದ ಕಲ್ಲಿನ ಅಂಚಿನ ಹಾಗೆ ಕಾಣುತ್ತವೆ. ಕಣ್ಣು ಮಿಟುಕಿಸದೆ ನೋಡಿದರೂ ಕಾಣದು. ಸಣ್ಣ ಪುಡಿಕಲ್ಲಿನಲ್ಲಿ ಮೈಯನ್ನು ಅತ್ತಿತ್ತ ಅಲುಗಿಸಿ ಇಳಿದುಬಿಟ್ಟರೆ ಕಣ್ಣೆರಡೇ ಹೊರಗೆ. ಕಾದ ನೆಲದ ಮೇಲೆ ಹೊಟ್ಟೆ ಎಳೆದುಕೊಂಡು ಹೋದರೆ ಬೇಯುತ್ತದೆ ಎಂದು ಅದು ಪಕ್ಕಕ್ಕೆ ಎಗರಿ ಎಗರಿ ಹರಿಯುತ್ತದೆ. ಒಂದು ಸಲಕ್ಕೆ ಮೈಯ ಎರಡು ಕಡೆ ಮಾತ್ರ ನೆಲಕ್ಕೆ ತಾಗುತ್ತದೆ. ಧೂಳಿನಲ್ಲಿ ಅದರ ಗುರುತು ಒಂದರ ಪಕ್ಕ ಒಂದು ಓರೆ ಗೀಟು ಎಳೆದ ಹಾಗೆ ಉಳಿಯುತ್ತದೆ. ತಿಂಗಳುಗಟ್ಟಲೆ ಏನೂ ತಿನ್ನದೆ ಇರಬಲ್ಲದು. ಬೆಳಗಿನ ಇಬ್ಬನಿ ಮೈಮೇಲೆ ಕೂತರೆ ತನ್ನ ಮೈಯನ್ನೇ ತಾನು ನೆಕ್ಕಿ ಬಾಯಾರಿಕೆ ಕಳೆದುಕೊಳ್ಳುವುದನ್ನು ಅಣ್ಣ ಒಂದೇ ಒಂದು ಸಲ ನೋಡಿದ್ದನಂತೆ. ಅದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು. "ನಮ್ಮ ಕ್ವಾರಿಯ ಖಾಯಂ ನೌಕರ ಅಂದ್ರೆ ಇವನೇ. ರಜೆ ಕೇಳಲ್ಲ, ನಿನ್ನ ಟ್ಯಾಂಕರ್ ನೀರೂ ಕೇಳಲ್ಲ," ಎಂದು ನಿಮ್ಮನ್ನು ರೇಗಿಸುತ್ತಿದ್ದ. ನೀವು "ಹಾಗಾದ್ರೆ ಅವನ ಜೊತೆಯಲ್ಲೇ ಸಂಸಾರ ಮಾಡಿ" ಅನ್ನುತ್ತಿದ್ದಿರಿ.

ಅದರ ಸದ್ದಿನ ವಿಷಯವನ್ನೂ ಅವನೇ ನನಗೆ ಮೊದಲು ಹೇಳಿದ್ದು. ಬೇರೆ ಹಾವುಗಳು ಸಿಟ್ಟು ಬಂದರೆ ಬುಸ್ಸೆನ್ನುತ್ತವೆ. ಇದು ಅಪರೂಪಕ್ಕೆ ಬುಸ್ಸೆನ್ನುತ್ತದೆ. ಸುರುಳಿ ಸುತ್ತಿ, ಮೈಯ ಎರಡು ಪಕ್ಕದ ಗರಗಸದಂಥ ಹುರುಪೆಗಳನ್ನು ಒಂದಕ್ಕೊಂದು ತಿಕ್ಕುತ್ತದೆ. ಕಾದ ಬಾಣಲೆಗೆ ನೀರು ಚಿಮುಕಿಸಿದ ಹಾಗೆ ಸದ್ದು. "ಉಸಿರು ಬಿಟ್ರೆ ಉಸಿರಿನ ಜೊತೆ ನೀರೂ ಹೋಗತ್ತಲ್ಲ, ಅದಕ್ಕೇ ಬಾಯಿ ಬಿಡಲ್ಲ," ಅಂದ. ಇದೇ ಮಾತನ್ನು ನಾನು ನಮ್ಮ ಕೇಂದ್ರದ ಗ್ರಂಥಾಲಯದಲ್ಲಿ, ದಪ್ಪ ರಟ್ಟಿನ ಪುಸ್ತಕವೊಂದರಲ್ಲಿ, ಎಷ್ಟೋ ವರ್ಷದ ಮೇಲೆ ಓದಿದೆ. ಅಲ್ಲಿಯೂ ಅದನ್ನು ಊಹೆ ಎಂದೇ ಬರೆದಿದ್ದರು. ಅಣ್ಣ ಮಾತ್ರ ಖಚಿತವಾಗಿ ಹೇಳಿದ್ದ.

ನಾನು ಮಾಡುವ ಕೆಲಸ ಏನೆಂದು ನಿಮಗೆ ಗೊತ್ತಿದ್ದರೂ ಒಂದು ಸಲ ಬರೆಯುತ್ತೇನೆ, ಇಲ್ಲದಿದ್ದರೆ ನನ್ನ ತಪ್ಪಿನ ತೂಕ ತಿಳಿಯುವುದಿಲ್ಲ. ನಮ್ಮ ಕೇಂದ್ರದಲ್ಲಿ ಹಾವುಗಳ ವಿಷ ತೆಗೆದು, ಒಣಗಿಸಿ, ಕುದುರೆಗಳಿಗೆ ಚೂರು ಚೂರೇ ಚುಚ್ಚುತ್ತಾರೆ. ಕುದುರೆಯ ರಕ್ತ ಆ ವಿಷವನ್ನು ಎದುರಿಸಲು ಕಲಿಯುತ್ತದೆ. ಆ ರಕ್ತದ ತಿಳಿಯಿಂದ ಔಷಧಿ. ಯಾವ ಹಾವಿನ ವಿಷ ಕೊಟ್ಟು ಕಲಿಸಿದೆವೋ ಆ ಹಾವಿನ ವಿಷಕ್ಕೆ ಮಾತ್ರ ಅದು ಚೆನ್ನಾಗಿ ಹಿಡಿಯುತ್ತದೆ. ನಮ್ಮಲ್ಲಿರುವ ಗರಗಸ ಮಂಡಲಗಳೆಲ್ಲ ದೂರದ ಹೊಳೆ ಬಯಲಿನಿಂದ ಬಂದವು. ಇಲಿ, ಕಪ್ಪೆ, ಓತಿಕ್ಯಾತ ತಿಂದು ದುಂಡಗೆ ಬೆಳೆದವು. ತಯಾರಾದ ಔಷಧಿ ಸರಿಯಿದೆಯೋ ಇಲ್ಲವೋ ಎಂದು ಇಲಿಮರಿಗಳ ಮೇಲೆ ಪರೀಕ್ಷೆ ಮಾಡಿ ಸಹಿ ಹಾಕುವುದು ನನ್ನ ಕೆಲಸ.

ಅಣ್ಣ ಸಾಯುವ ಒಂಬತ್ತು ತಿಂಗಳ ಮೊದಲು ಒಂದು ಮಧ್ಯಾಹ್ನ ನಮ್ಮ ಕೇಂದ್ರಕ್ಕೆ ಬಂದ. ಕೈಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿ. ಮುಚ್ಚಳಕ್ಕೆ ಮೊಳೆಯಲ್ಲಿ ತೂತು ಹೊಡೆದಿದ್ದ. ಒಳಗೆ ಬಟ್ಟೆಯ ಚೀಲದಲ್ಲಿ ಎರಡು ಹಾವು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದನಂತೆ, ಪಕ್ಕದವರು ಬಿಸ್ಕತ್ತು ಕೇಳಿದರೆ ಏನು ಮಾಡುತ್ತಿದ್ದನೋ. ನಮ್ಮ ಕಾವಲುಗಾರ ಅವನನ್ನು ಗೇಟಿನಲ್ಲಿ ತಡೆದಿದ್ದ. ನಾನು ಹೋಗಿ ಕರೆದುಕೊಂಡು ಬಂದೆ. ಮೈಯೆಲ್ಲ ಕ್ವಾರಿಯ ಧೂಳು. ನನ್ನ ಜೊತೆ ಕೆಲಸ ಮಾಡುವವರು ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು ಅತ್ತಿಗೆ. ಇದನ್ನೂ ಬರೆದುಬಿಡುತ್ತೇನೆ.

ಅವನು ನಿಂತುಕೊಂಡೇ ಹೇಳಿದ. "ನೀವು ಔಷಧಿ ಮಾಡೋ ಹಾವು ಬೇರೆ, ನಮ್ಮಲ್ಲಿರೋದು ಬೇರೆ ಅನ್ಸತ್ತೆ. ನೋಡೋಕೆ ಒಂದೇ. ಆದ್ರೆ ನಮ್ಮದು ಹುಟ್ಟಿದಾಗಿಂದ ಚೇಳು, ಜರಿ ತಿಂದು ಬದುಕಿರೋದು. ಒಂದು ಸಲ ಕಚ್ಚಿ ಬಿಟ್ಟಿತು ಅಂದ್ರೆ ಚೇಳು ಅಲ್ಲೇ ಪಲ್ಟಿ. ಇಲಿ ತಿನ್ನೋ ಹಾವಿನ ವಿಷ ಚೇಳಿನ ಮೇಲೆ ಅಷ್ಟು ಬೇಗ ನಡಿಯಲ್ಲ ಅಂತ ನೀನೇ ಒಂದ್ಸಲ ಹೇಳಿದ್ದೆ. ಹಾಗಿದ್ರೆ ಎರಡರ ವಿಷ ಒಂದೇ ಹೇಗಾಗತ್ತೆ? ನಿಮ್ಮ ಔಷಧಿ ಇದಕ್ಕೆ ಹಿಡಿಯತ್ತಾ ಅಂತ ನೋಡು. ಅಲ್ಲಿ ನೂರಾ ಎಪ್ಪತ್ತು ಜನ ಕೆಲಸ ಮಾಡ್ತಾರೆ ಕುಳ್ಳಿ."

ಅವತ್ತು ಅವನು ಕೇಳಿದ ಪ್ರಶ್ನೆ ನಮ್ಮ ಕೇಂದ್ರದಲ್ಲಿ ಯಾರೂ ಕೇಳದೇ ಇದ್ದದ್ದು. ನಾನು ಏನು ಮಾಡಿದೆ? ನಕ್ಕೆ. ಡ್ರಿಲ್ ಹಿಡಿಯುವವನು ನನಗೆ ವಿಷದ ಪಾಠ ಹೇಳುತ್ತಾನಲ್ಲ ಎಂದು ಒಳಗೊಳಗೇ ನಕ್ಕೆ. ಆದರೂ ಎರಡು ಹಾವಿನ ವಿಷ ತೆಗೆದೆ. ಒಣಗಿಸಿದಾಗ ಹಳದಿ ಹರಳಿನ ಹಾಗೆ ಆಯಿತು, ಬೆರಳುಗುರಿನ ಮೇಲೆ ಹಿಡಿಸುವಷ್ಟು. ಪುಟ್ಟ ಗಾಜಿನ ಶೀಷೆಗೆ ಹಾಕಿ, ಮೇಲೆ "ಕ್ವಾರಿ, ಅಣ್ಣ" ಎಂದು ಚೀಟಿ ಅಂಟಿಸಿ, ತಂಪು ಪೆಟ್ಟಿಗೆಯ ಕೆಳಗಿನ ಅರೆಯಲ್ಲಿಟ್ಟೆ. ಆ ವಾರ ಹೊಸ ಔಷಧಿ ಹೊರಗೆ ಹೋಗುವ ಗಡಿಬಿಡಿ. ಮುಂದಿನ ವಾರ ಮುಖ್ಯಸ್ಥರು ಲೆಕ್ಕಪತ್ರ ಕೇಳಿದ್ದರು. ಅದರ ಮುಂದಿನ ವಾರ ಏನಿತ್ತು ಎಂದು ನೆನಪೂ ಇಲ್ಲ. ಶೀಷೆ ಅಲ್ಲೇ ಉಳಿಯಿತು.

ಅಣ್ಣ ಮೂರು ಸಲ ಫೋನು ಮಾಡಿದ. ಎರಡು ಸಲ "ಮಾಡ್ತೀನಿ ಇರೋ" ಅಂದೆ. ಮೂರನೇ ಸಲ ಅವನ ದನಿಯಲ್ಲಿ ಸ್ವಲ್ಪ ಬೇಸರವಿತ್ತು. ಹೊಸದಾಗಿ ತೋಡಿದ ಕಡೆ ಹಾವು ಜಾಸ್ತಿ ಕಾಣುತ್ತಿವೆ, ಜನ ಹೆದರಿದ್ದಾರೆ ಅಂದ. ನನಗೆ ತಪ್ಪಿಸಿಕೊಂಡರೆ ಸಾಕಾಗಿತ್ತು. "ಆಯ್ತು ಅಣ್ಣ, ಪರೀಕ್ಷೆ ಮಾಡಿದೆ. ಎಲ್ಲಾ ಸರಿ ಇದೆ. ನಮ್ಮ ಔಷಧಿ ಹಿಡಿಯತ್ತೆ," ಅಂದುಬಿಟ್ಟೆ.

ಹೀಗೆ ಸಲೀಸಾಗಿ ಅಂದೆ ಅತ್ತಿಗೆ. ನಾಲಿಗೆ ತೊದಲಲೂ ಇಲ್ಲ.

ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಊಟದ ಬಿಡುವಿನಲ್ಲಿ ಎಲ್ಲರನ್ನೂ ಸೇರಿಸಿ ಹೇಳಿದನಂತೆ: "ನನ್ನ ತಂಗಿ ಖುದ್ದು ಪರೀಕ್ಷೆ ಮಾಡಿದಾಳೆ. ಕಚ್ಚಿದ್ರೆ ಗಾಬರಿ ಬೀಳಬೇಡಿ, ಆಸ್ಪತ್ರೆಗೆ ಓಡಿ, ಔಷಧಿ ಇದೆ." ಇದನ್ನು ಅವನ ತಿಥಿಯ ದಿನ ನಿಮ್ಮ ಮನೆಗೆ ಬಂದಿದ್ದ ಮೇಸ್ತ್ರಿ ನನ್ನ ಕೈ ಹಿಡಿದುಕೊಂಡು ಹೇಳಿದರು, ಹೊಗಳುವ ಹಾಗೆ. ನಾನು ಹಿತ್ತಲಿಗೆ ಹೋಗಿ ವಾಂತಿ ಮಾಡಿದೆ. ಅಳುವಿಗೆ ಹಾಗಾಗಿದೆ ಎಂದುಕೊಂಡು ನೀವು ಬೆನ್ನು ಸವರಿದಿರಿ.

ಅವನಿಗೆ ಕಚ್ಚಿದ ದಿನದ ವಿಷಯ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾವು ಹಿಡಿಯಲು ಹೋಗಿ ಕಚ್ಚಿಸಿಕೊಂಡದ್ದಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಡ್ರಿಲ್ಲಿನ ಗಾಳಿಯ ಪೈಪು ಎತ್ತಿದ, ಅದರ ನೆರಳಿನಲ್ಲಿ ಅದು ಮಲಗಿತ್ತು, ಅಷ್ಟೇ. ನೀರು ತುಂಬಿದ್ದ ಟ್ಯಾಂಕರಿನಲ್ಲೇ ನೀವು ಅವನನ್ನು ಕೂರಿಸಿಕೊಂಡು ಹೊರಟಿರಿ. ಭಾರಕ್ಕೆ ಗಾಡಿ ಏರು ಹತ್ತುವುದಿಲ್ಲವೆಂದು ಹಿಂದಿನ ನಲ್ಲಿ ಬಿಚ್ಚಿ, ದಾರಿಯುದ್ದಕ್ಕೂ ನೀರು ಚೆಲ್ಲುತ್ತಾ ಹೋದಿರಿ. ಅವನು "ಜನಕ್ಕೆ ಕುಡಿಯೋ ನೀರು ಕಣೇ, ಚೆಲ್ಲಬೇಡ" ಎಂದು ಬೈಯುತ್ತಿದ್ದನಂತೆ. ಗಾಬರಿಯೇ ಇರಲಿಲ್ಲವಂತೆ ಅವನಿಗೆ. ಯಾಕೆ ಇರಲಿಲ್ಲ ಎಂದು ಈಗ ನಿಮಗೆ ಅರ್ಥವಾಗಿರಬೇಕು.

ಮೂರನೆಯ ದಿನ ಅವನು ಹೋದ. ಕಾರ್ಯಗಳೆಲ್ಲ ಮುಗಿದ ಮೇಲೆ ನಾನು ಕೆಲಸಕ್ಕೆ ಮರಳಿ, ಯಾರಿಗೂ ಹೇಳದೆ ಆ ಶೀಷೆ ತೆಗೆದೆ. ಒಂಬತ್ತು ತಿಂಗಳ ಹಿಂದೆ ಮಾಡಬೇಕಿದ್ದ ಪರೀಕ್ಷೆಯನ್ನು ಅವತ್ತು ಮಾಡಿದೆ. ಹೊಳೆ ಬಯಲಿನ ಹಾವಿನ ವಿಷಕ್ಕೆ ಸಾಕಾಗುವಷ್ಟು ಔಷಧಿ ಬೆರೆಸಿ ಕೊಟ್ಟೆ. ಹತ್ತು ಇಲಿಮರಿಗಳಲ್ಲಿ ಒಂದೂ ಉಳಿಯಲಿಲ್ಲ. ಎರಡು ಪಟ್ಟು ಕೊಟ್ಟೆ. ಎರಡು ಉಳಿದವು. ನಾಲ್ಕು ಪಟ್ಟು ಕೊಟ್ಟಾಗ ಆರು. ಅಂದರೆ ಔಷಧಿ ಸುಳ್ಳಲ್ಲ, ಆದರೆ ಈ ವಿಷದ ಮುಂದೆ ಸೋಲುತ್ತದೆ. ಆ ಕಲ್ಲುನೆಲದಲ್ಲಿ ಚೇಳು ತಿಂದು ಬದುಕಲು ಆ ಹಾವು ತಲೆತಲಾಂತರದಿಂದ ತನ್ನ ವಿಷವನ್ನು ಬೇರೆಯದೇ ಮಾಡಿಕೊಂಡಿದೆ. ಅಣ್ಣ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಪರೀಕ್ಷೆಯ ಹಾಳೆಯನ್ನು ಮಡಚಿ ನನ್ನ ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟೆ.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಕೆಲಸ ಹೋಗುತ್ತದೆಂಬ ಭಯ ಇತ್ತು. ಅದಕ್ಕಿಂತ ನಿಮ್ಮ ಭಯ. ಅಣ್ಣ ಹೋದ ಮೇಲೆ ಈ ಲೋಕದಲ್ಲಿ ನನ್ನನ್ನು ಗದರಿಸಿ ಊಟಕ್ಕೆ ಕೂರಿಸುವವರು ನೀವೊಬ್ಬರೇ. ಅಷ್ಟರಲ್ಲಿ ನಿಮಗೆ ತಪ್ಪು ಹೊರಿಸಲು ಒಂದು ತಲೆ ಸಿಕ್ಕಿತ್ತು. ನನ್ನ ಪರಿಚಯದವಳಲ್ಲ, ಹೇಗೋ ಆಗುತ್ತದೆ ಅಂದುಕೊಂಡೆ.

ಹೇಗೋ ಆಗಲಿಲ್ಲ. ನರ್ಸಮ್ಮನನ್ನು ಕೆಲಸದಿಂದ ತೆಗೆದು ವಿಚಾರಣೆ ಹಾಕಿದರು. ಕ್ವಾರಿಯವರು ಆಸ್ಪತ್ರೆಯ ಕಿಟಕಿಗೆ ಕಲ್ಲು ಹೊಡೆದರು. ಮೂರು ತಿಂಗಳ ಹಿಂದೆ ಕಲ್ಲು ತುಂಬುವ ಹೆಂಗಸಿಗೆ ಕಚ್ಚಿದಾಗ, "ಆಸ್ಪತ್ರೆಗೆ ಹೋಗಬೇಡ, ಅಲ್ಲಿ ಸಾಯಿಸ್ತಾರೆ ಅಂತ ನಾನೇ ಹೇಳ್ದೆ" ಎಂದು ನೀವು ಫೋನಿನಲ್ಲಿ ಹೇಳಿದಿರಿ. ಆಕೆ ಬದುಕಿದಳು, ಎರಡು ಬೆರಳು ಹೋದವು. ಆ ಮಾತನ್ನು ನಿಮ್ಮ ಬಾಯಲ್ಲಿ ಇಟ್ಟವಳು ನಾನು. ಆಕೆಯ ಬೆರಳಿನ ಪಾಪ ನಿಮ್ಮದಲ್ಲ.

ಕಳೆದ ತಿಂಗಳು ನರ್ಸಮ್ಮ ನಮ್ಮ ಕೇಂದ್ರಕ್ಕೆ ಬಂದರು. ನಾನು ಯಾರ ತಂಗಿ ಎಂದು ಗೊತ್ತಿದ್ದೇ ಬಂದರು. ಈಗ ಒಂದು ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಾರೆ, ಸೋಪಿನ ನೀರಿಗೆ ಬೆರಳ ಸಂದಿಯೆಲ್ಲ ಸುಲಿದಿತ್ತು. ಜಗಳಕ್ಕೆ ಬಂದಿದ್ದಾರೆ ಅಂದುಕೊಂಡೆ. ಆಕೆ ಚೀಲದಿಂದ ಒಂದು ನೋಟ್‌ಬುಕ್ಕು ತೆಗೆದು ಮೇಜಿನ ಮೇಲೆ ಬಿಚ್ಚಿದರು. ಆ ಮೂರು ದಿನ ಅಣ್ಣನಿಗೆ ಏನೇನು ಮಾಡಿದರೋ ಎಲ್ಲ ಗಂಟೆ ನಿಮಿಷ ಸಮೇತ ಇತ್ತು. ಹತ್ತು ನಲವತ್ತಕ್ಕೆ ರೋಗಿ ಬಂದರು. ಹತ್ತು ನಲವತ್ತೈದಕ್ಕೆ ಗಾಜಿನ ಕೊಳವೆಗೆ ರಕ್ತ. ಹನ್ನೊಂದು ಐದಕ್ಕೆ ಕೊಳವೆ ಓರೆ ಮಾಡಿದಾಗ ನೀರಿನ ಹಾಗೆ ಹರಿಯಿತು, ಹೆಪ್ಪುಗಟ್ಟಿಲ್ಲ, ವಿಷ ಏರಿದೆ. ಹನ್ನೊಂದು ಹತ್ತಕ್ಕೆ ಹತ್ತು ಬಾಟಲಿ ಶುರು. ಆರು ಗಂಟೆ ಬಿಟ್ಟು ಮತ್ತೆ ರಕ್ತ, ಹೆಪ್ಪಿಲ್ಲ. ಮತ್ತೆ ಹತ್ತು. ಪೆಟ್ಟಿಗೆಯ ತಂಪು ಎಷ್ಟಿತ್ತು, ಬಾಟಲಿಯ ಮೇಲಿನ ತಾರೀಕು, ತಯಾರಿಕೆಯ ಸಂಖ್ಯೆ ಏನಿತ್ತು, ಎಲ್ಲ. ಬಾಟಲಿಯ ಪರೀಕ್ಷೆಗೆ ಸಹಿ ಹಾಕಿದವಳು ನಾನೇ ಎಂದು ಆ ಸಂಖ್ಯೆ ನೋಡಿದರೆ ಗೊತ್ತಾಗುತ್ತಿತ್ತು.

"ಮೇಡಂ, ನೀವು ಓದಿದವರು," ಅಂದರು. "ನಾನು ಎಲ್ಲಿ ತಪ್ಪಿದೆ ಅಂತ ಇದರಲ್ಲಿ ತೋರಿಸಿ. ನನ್ನ ಕೆಲಸ ವಾಪಸ್ ಬೇಕು ಅಂತಲ್ಲ. ಎಷ್ಟು ಸಲ ಓದಿದ್ರೂ ನನಗೆ ಸಿಗ್ತಿಲ್ಲ. ಅದೊಂದು ಗೊತ್ತಾದ್ರೆ ಸಾಕು."

ನಾನು ನೀರು ಕೊಟ್ಟೆ. ಆಕೆ ಕುಡಿದು ಲೋಟ ಕೆಳಗಿಟ್ಟರು. ಆಮೇಲೆ ಹೇಳಿದೆ, ಎಲ್ಲವನ್ನೂ, ಈ ಕಾಗದದಲ್ಲಿ ಬರೆದಿರುವ ಅಷ್ಟನ್ನೂ. ನಿಮಗಿಂತ ಮೊದಲು ಆಕೆಗೆ ಹೇಳಿದೆ, ಅದಕ್ಕೂ ಕ್ಷಮೆಯಿರಲಿ. ಆಕೆ ಅಳಲಿಲ್ಲ, ಬೈಯಲಿಲ್ಲ. ನೋಟ್‌ಬುಕ್ಕು ಮುಚ್ಚಿ, ಅದರ ಮೇಲೆ ಎರಡೂ ಅಂಗೈ ಇಟ್ಟರು. "ನಿಮ್ಮ ಅಣ್ಣ ನನ್ನ ಹತ್ರ ತಮಾಷೆ ಮಾಡ್ತಿದ್ರು," ಅಂದರು. "ಒಸಡಲ್ಲಿ ರಕ್ತ ಬರ್ತಿದ್ರೂ ನಗ್ತಿದ್ರು. ಸಿಸ್ಟರ್, ನೀವೇನೂ ಹೆದರಬೇಡಿ, ಈ ಔಷಧಿ ನನ್ನ ತಂಗಿ ನೋಡಿರೋದು ಅಂತ." ಅಷ್ಟು ಹೇಳಿ ಎದ್ದು ಹೋದರು.

ಅವತ್ತೇ ಸಂಜೆಯ ಒಳಗೆ ಬೀರುವಿನ ಹಾಳೆಯನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟೆ. ವಿಚಾರಣೆ ನಡೆಸುವವರಿಗೂ ಬರೆದೆ. ನನ್ನನ್ನು ಕೆಲಸದಿಂದ ಅಮಾನತು ಮಾಡಿದ್ದಾರೆ. ಅದರ ಬಗ್ಗೆ ನನಗೆ ತಕರಾರಿಲ್ಲ. ನಿಮ್ಮ ಕಡೆಯ ಹಾವುಗಳನ್ನು ತರಿಸಿ, ಆ ವಿಷದಿಂದ ಬೇರೆ ಔಷಧಿ ಮಾಡಲು ಕೇಂದ್ರದವರು ಒಪ್ಪಿದ್ದಾರೆ. ಕೈಗೆ ಬರಲು ಎರಡು ವರ್ಷವಾದರೂ ಬೇಕು. ಅಲ್ಲಿಯವರೆಗೆ ಒಂದು ಉಪಕಾರ ಮಾಡಿ. ಕ್ವಾರಿಯಲ್ಲಿ ನಿಮ್ಮ ಮಾತು ನಡೆಯುತ್ತದೆ. ಕಚ್ಚಿದವರನ್ನು ಆ ಆಸ್ಪತ್ರೆಗೇ ಮೊದಲು ಒಯ್ಯಲು ಹೇಳಿ. ಈಗಿರುವ ಔಷಧಿ ಪೂರ್ತಿ ಹಿಡಿಯದಿದ್ದರೂ ಸ್ವಲ್ಪ ಹಿಡಿಯುತ್ತದೆ. ಅದನ್ನು ಹಾಕಿಸಿಕೊಳ್ಳುತ್ತಲೇ ರಕ್ತ ಏರಿಸುವ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಕಟ್ಟು ಬಿಗಿಯಬಾರದು, ಕೊಯ್ಯಬಾರದು. ಪೈಪು ಎತ್ತುವ ಮುಂಚೆ ಕೋಲಿನಿಂದ ತಟ್ಟಲಿ. ಮೊಣಕಾಲಿನವರೆಗೆ ಬೂಟು ಹಾಕಲಿ.

ಸೋಮವಾರ ಹನ್ನೊಂದಕ್ಕೆ ವಿಚಾರಣೆಯ ಕೊನೆಯ ದಿನ. ದೂರು ಕೊಟ್ಟವರೆಂದು ನಿಮಗೂ ಕರೆ ಬಂದಿರಬೇಕು. ನಾನು ಎದ್ದು ನಿಂತು ಇದನ್ನೆಲ್ಲ ಹೇಳುತ್ತೇನೆ. ಎಲ್ಲರೆದುರು ಮೊದಲ ಸಲ ಕೇಳಿದರೆ ನಿಮಗೆ ತಡೆಯಲಾಗುವುದಿಲ್ಲವೆಂದು ಈ ಕಾಗದ. ಆ ಕೋಣೆಯಲ್ಲಿ ಗೋಡೆಯ ಉದ್ದಕ್ಕೂ ಒಂದೇ ಬೆಂಚಿದೆ. ನರ್ಸಮ್ಮ ಯಾವಾಗಲೂ ಬಾಗಿಲ ಹತ್ತಿರದ ತುದಿಯಲ್ಲಿ ಒಬ್ಬರೇ ಕೂರುತ್ತಾರೆ, ಅವರ ಪಕ್ಕ ಯಾರೂ ಕೂರುವುದಿಲ್ಲ. ನನ್ನನ್ನು ಕ್ಷಮಿಸಿ ಎಂದು ನಾನು ಕೇಳುತ್ತಿಲ್ಲ. ಸೋಮವಾರ ನೀವು ಬಂದರೆ, ನನ್ನ ಕಡೆ ನೋಡದಿದ್ದರೂ ಚಿಂತೆಯಿಲ್ಲ, ಹೋಗಿ ಅವರ ಪಕ್ಕ ಕೂತುಕೊಳ್ಳಿ.

ಮಗಳ ಮೈ ಕೈ ಗಟ್ಟಿಯಾಗಿರಲಿ, ಅವಳ ಅಪ್ಪನ ಕಣ್ಣು ಅವಳಿಗೆ ಬರಲಿ. ನಿಮ್ಮ ಗಾಡಿ ಹೋದ ದಾರಿಯೆಲ್ಲ ಕ್ಷೇಮವಾಗಿರಲಿ. ನೀವು ಬೇಡವೆನ್ನುವ ತನಕ,

ನಿಮ್ಮ ನಾದಿನಿ